ಮಡ್‌ಗಾರ್ಡ್ ಮೇಲೆ ಗದ್ದೆಪ್ಪ

ಶಕ್ತಿನಗರದಲ್ಲಿ ಕರೆಂಟಿನ ದೊಡ್ಡ ಕಾರ್ಖಾನೆ ಏಳುತ್ತಿದ್ದ ಕಾಲಕ್ಕೆ ಗದ್ದೆಪ್ಪ ಅಲ್ಲಿ ಒಬ್ಬ ಗುತ್ತಿಗೆದಾರನ ಜೀಪು ನಡೆಸುತ್ತಿದ್ದ. ಅವನ ಹೆಂಡತಿ ಶೇಖಮ್ಮ ಅಲ್ಲೇ ಜಲ್ಲಿಬುಟ್ಟಿ ಹೊರುತ್ತಿದ್ದಳು. ಕೆಲಸ ಮುಗಿಸಿ ಊರು ಬಿಡುವಾಗ ಗುತ್ತಿಗೆದಾರ, "ಇದು ನನ್ನ ಮಾತಿಗಿಂತ ನಿನ್ನ ಮಾತು ಜಾಸ್ತಿ ಕೇಳ್ತದ, ನೀನೇ ಇಟ್ಕೋ" ಎಂದು ಹಳೇ ಜೀಪನ್ನು ಗದ್ದೆಪ್ಪನಿಗೇ ಅಗ್ಗಕ್ಕೆ ಬಿಟ್ಟುಕೊಟ್ಟ. ಗಂಡಹೆಂಡಿರಿಬ್ಬರೂ ಪಾತ್ರೆಪಗಡೆ, ಹಾಸಿಗೆ, ಒಂದು ಕೋಳಿ ಎಲ್ಲವನ್ನೂ ಅದರಲ್ಲೇ ತುಂಬಿಕೊಂಡು ದೇವದುರ್ಗಕ್ಕೆ ಬಂದರು. ಸಂತೆಗೆ ಬರುವವರನ್ನು, ಆಸ್ಪತ್ರೆಗೆ ಹೋಗುವವರನ್ನು, ಬೀಗರ ಊಟಕ್ಕೆ ಹೊರಟವರನ್ನು ಸುತ್ತಲ ಊರುಗಳಿಗೆ ಹತ್ತಿಸಿ ಇಳಿಸುವುದೇ ಅವರ ಕಸುಬಾಯಿತು. ಗದ್ದೆಪ್ಪ ನಡೆಸುವನು, ಶೇಖಮ್ಮ ಪಕ್ಕದಲ್ಲಿ ಕೂತು ಜನರನ್ನು ಕೂಗಿ ಕರೆಯುವಳು, ಯಾರ ಮೊಣಕಾಲು ಯಾರಿಗೆ ತಾಗಿತೆಂಬ ಜಗಳ ಬಗೆಹರಿಸುವಳು. ಸಪಾಟು ರಸ್ತೆಯಲ್ಲಿ ಜೀಪು ಹರಿಣದ ಹಾಗೆ ಓಡುತ್ತಿತ್ತು. ಹೀಗಾಗಿ ಅದಕ್ಕೊಂದು ರೋಗವಿದೆಯೆಂದು ಇಬ್ಬರಿಗೂ ತಿಳಿದಿರಲಿಲ್ಲ.

ತಿಳಿದದ್ದು ಕೆಂಪುದಿನ್ನಿಯಲ್ಲಿ. ದೇವದುರ್ಗದಿಂದ ಆಚೆ, ಕಲ್ಲುಗುಡ್ಡದ ನೆತ್ತಿಯ ಮೇಲೆ ಕುರಿ ಸಾಕುವವರ ಗುಡಿಸಲುಗಳಿದ್ದ ಒಂದು ದೊಡ್ಡಿ ಅದು. ಆ ದೊಡ್ಡಿಗೆ ಯಾವ ಗಾಡಿಯೂ ಹತ್ತಿದ್ದಿಲ್ಲ. ಆ ಬೇಸಿಗೆ ಅಲ್ಲಿಯ ಹಿರಿಯ ಬೂದೆಪ್ಪ ಜನರನ್ನೆಲ್ಲ ಕಟ್ಟಿಕೊಂಡು, ಹಾರೆ ಗುದ್ದಲಿ ಹಿಡಿದು, ಬಂಡೆ ಉರುಳಿಸಿ, ಕೆಂಪು ಮಣ್ಣು ತುಂಬಿ, ನೆತ್ತಿಯ ತನಕ ದಾರಿ ಕಡಿಸಿದ್ದ. ಸಂತೆಯಲ್ಲಿ ಸಿಕ್ಕಾಗ ಗದ್ದೆಪ್ಪ ಮೀಸೆ ತಿರುವಿ, "ಮೊದಲು ಏರೋದು ನನ್ನ ಜೀಪು, ಬೂದೆಪ್ಪಣ್ಣ" ಎಂದು ಮಾತು ಕೊಟ್ಟಿದ್ದ.

ಜೀಪು ಏರಬೇಕಾದ ದಿನ ಇಡೀ ದೊಡ್ಡಿ ದಾರಿಯ ಎರಡೂ ಬದಿಗೆ ನಿಂತಿತ್ತು. ಹಲಗೆ ಬಾರಿಸುವವರೂ ಬಂದಿದ್ದರು. ಜೀಪು ಬುಡದಿಂದ ಜೋರಾಗಿಯೇ ಹೊರಟಿತು. ಅರ್ಧ ಏರುವಷ್ಟರಲ್ಲಿ ಇಂಜಿನ್ನಿನ ದನಿ ಕುಗ್ಗಿತು. ಗದ್ದೆಪ್ಪ ಗೇರು ಇಳಿಸಿದ, ಕಾಲು ಪೂರ್ತಿ ಒತ್ತಿದ. ಜೀಪು ನಿದ್ದೆ ಬಂದವರ ಹಾಗೆ ತೂಕಡಿಸಿ ನಿಂತೇಬಿಟ್ಟಿತು. ಹಿಂದೆ ಕೂತವರನ್ನು ಇಳಿಸಿದರು, ಆಗಲೂ ಅಷ್ಟೆ. ಕುರುಬರ ಹುಡುಗರು ಹೆಗಲು ಕೊಟ್ಟು ನೂಕಿದರು. ಒಂದು ಮಾರು ಮೇಲೆ ಹೋಗಿ ಎರಡು ಮಾರು ಕೆಳಗೆ ಜಾರಿತು. ಹಲಗೆಯವರು ಬಾರಿಸುವುದೋ ಬಿಡುವುದೋ ತಿಳಿಯದೆ ಸುಮ್ಮನೆ ಬೆರಳಾಡಿಸುತ್ತ ನಿಂತರು.

"ಇರಲಿ ಬಿಡಪ್ಪ, ಎತ್ತಿಗೂ ಒಂದೊಂದು ದಿನ ಬ್ಯಾಸ್ರ ಆಗ್ತದ" ಎಂದ ಬೂದೆಪ್ಪ. ಅವನ ದನಿಯಲ್ಲಿ ಕುಹಕವಿರಲಿಲ್ಲ. ಅದಕ್ಕೇ ಗದ್ದೆಪ್ಪನಿಗೆ ಇನ್ನಷ್ಟು ನಾಚಿಕೆಯಾಯಿತು. ಅವನು ಬಾನೆಟ್ಟಿನೊಳಗೆ ತಲೆ ತೂರಿಸಿದವನು ಹೊರಗೆ ತೆಗೆಯಲೇ ಇಲ್ಲ.

ಮೇಲೆ ಬೂದೆಪ್ಪನ ತಾಯಿ ಯಂಕಮ್ಮ ಕಾಯುತ್ತಿದ್ದಾಳೆಂದು ಶೇಖಮ್ಮನಿಗೆ ನೆನಪಾದದ್ದು ಆಗ. ಮುದುಕಿಗೆ ಮೊಣಕಾಲು ಹಿಡಿದು ಎಷ್ಟೋ ವರ್ಷಗಳಿಂದ ಗುಡ್ಡ ಇಳಿದಿರಲಿಲ್ಲ. ಮಾನ್ವಿ ಸೀಮೆಯ ಮಲ್ಲಟದಲ್ಲಿ ಅವಳ ಮಗಳು ದುರುಗಮ್ಮನಿಗೆ ಮೊಮ್ಮಗ ಹುಟ್ಟಿದ್ದ. ಆ ಮರಿಮಗನ ಮುಖ ನೋಡಲು ಇದೇ ಜೀಪಿನಲ್ಲಿ ಹೋಗಬೇಕೆಂದು ಆಸೆಪಟ್ಟಿದ್ದಳು. ಶೇಖಮ್ಮ ಸೆರಗು ಸಿಕ್ಕಿಸಿಕೊಂಡು ಉಳಿದ ದಾರಿಯನ್ನು ನಡೆದೇ ಏರಿದಳು. ಯಂಕಮ್ಮ ಹೊಸ ಇಳಕಲ್ ಸೀರೆಯುಟ್ಟು, ತಲೆಗೆ ಎಣ್ಣೆ ಹಚ್ಚಿ, ಮಡಿಲಲ್ಲಿ ಗಂಟಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದಳು.

"ಜೀಪು ನಿಂತದ ಯವ್ವಾ, ಏರವಲ್ದು" ಎಂದಳು ಶೇಖಮ್ಮ, ಏದುಸಿರು ಬಿಡುತ್ತ.

ಮುದುಕಿ ಬೊಚ್ಚುಬಾಯಿ ಬಿಟ್ಟು ನಕ್ಕಳು. "ಅದಕ್ಕೂ ನನ್ನಂಗ ಮೊಣಕಾಲು ನೋವೇನು? ಇಷ್ಟು ವರ್ಷ ಕಾಲಿಗೆ ಕಾದೀನಿ, ಇನ್ನೊಂದೀಟು ಚಕ್ರಕ್ಕ ಕಾಯ್ತೀನಿ ಹೋಗು."

"ನಾನೇ ಬಂದು ಕರಕೊಂಡು ಹೋಗ್ತೀನಿ ನಿನ್ನ" ಎಂದು ಶೇಖಮ್ಮನ ಬಾಯಿಂದ ಬಂದುಬಿಟ್ಟಿತು. ಹೇಗೆ, ಏನು ಎಂದು ಅವಳು ಯೋಚಿಸಿರಲಿಲ್ಲ.

ದೇವದುರ್ಗದ ಚಹಾದಂಗಡಿಯಲ್ಲಿ ಅಂದಿನಿಂದ ಎಲ್ಲರೂ ಡಾಕ್ಟರರಾದರು. ಒಬ್ಬ ಪ್ಲಗ್ಗು ಎಂದ, ಇನ್ನೊಬ್ಬ ಪೆಟ್ರೋಲಿನಲ್ಲಿ ಸೀಮೆಎಣ್ಣೆ ಬೆರೆತಿದೆ ಎಂದ. ಬಸ್ಸಿನ ಕಂಡಕ್ಟರನೊಬ್ಬ ಬ್ರೇಕು ಚಕ್ರವನ್ನು ಹಿಡಿದುಕೊಂಡೇ ಇರಬಹುದು ಎಂದ. ಚಹಾ ಕಾಯಿಸುವವನು ದೃಷ್ಟಿ ತಾಗಿದೆ ಎಂದು ಲಿಂಬೆಹಣ್ಣು ಕಟ್ಟಿಯೇಬಿಟ್ಟ. ಗದ್ದೆಪ್ಪ ಯಾರ ಮಾತನ್ನೂ ತೆಗೆದುಹಾಕಲಿಲ್ಲ. ಪ್ಲಗ್ಗು ಬಿಚ್ಚಿ ಉಜ್ಜಿದ. ಗಾಳಿ ಸೋಸುವ ಡಬ್ಬಿ ತೊಳೆದ. ಪೆಟ್ರೋಲ್ ಕೊಳವೆ ಊದಿದ. ಟ್ಯಾಂಕಿನ ಮುಚ್ಚಳದ ತೂತಿಗೆ ಕಡ್ಡಿ ಆಡಿಸಿದ. ಚಕ್ರ ಎತ್ತಿ ತಿರುಗಿಸಿ ನೋಡಿದ; ಬುಗುರಿಯ ಹಾಗೆ ತಿರುಗಿತು. ಒಂದೊಂದು ಕೆಲಸವಾದ ಮೇಲೂ ಕೆಂಪುದಿನ್ನಿಗೆ ಹೋಗುವನು, ಜೀಪು ಅದೇ ಅರ್ಧದಲ್ಲಿ ತೂಕಡಿಸುವುದು, ತಿರುಗಿ ಬರುವನು. ಮೇಲೆ ಕುರಿ ಕಾಯುವವರು ದೂರದಿಂದಲೇ ಕೈಯಾಡಿಸಿ, "ಇವತ್ತೂ ಇಲ್ಲೇನು?" ಎಂದು ಕೂಗುವರು.

ಕೊನೆಗೆ ಇಬ್ಬರೂ ರಾಯಚೂರಿಗೆ ಹೋದರು. ತೀನ್ ಕಂದೀಲ್ ವೃತ್ತದ ಹತ್ತಿರ ಒಂದು ಓಣಿಯಲ್ಲಿ ಮೈನುದ್ದೀನ್ ಮಿಸ್ತ್ರಿಯ ಗ್ಯಾರೇಜಿತ್ತು. ಆತ ದೊಡ್ಡ ಹೊಟ್ಟೆಯ, ಸಣ್ಣ ದನಿಯ ಮನುಷ್ಯ. ಜೀಪನ್ನು ಮುಟ್ಟುವ ಮೊದಲು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ ವಿಚಾರಿಸಿಕೊಂಡ. ಸಪಾಟಿನಲ್ಲಿ ಹೇಗೆ, ಭಾರ ಹೇರಿದರೆ ಹೇಗೆ, ಏರಿನಲ್ಲಿ ಕೆಮ್ಮುತ್ತದೋ ಸುಮ್ಮನೆ ಸೋಲುತ್ತದೋ.

"ಕೆಮ್ಮಂಗಿಲ್ರಿ. ಯಾರೋ ಬಾಯಿ ಮುಚ್ಚಿದಂಗ ಸುಮ್ಮನಾಗ್ತದ" ಎಂದಳು ಶೇಖಮ್ಮ. ಮಿಸ್ತ್ರಿ ಅವಳನ್ನು ಒಮ್ಮೆ ನೋಡಿ, ಸರಿಯಾದ ಮಾತು ಎನ್ನುವಂತೆ ತಲೆದೂಗಿದ.

ಬೆಳಗಿನಿಂದ ಹೊತ್ತು ಇಳಿಯುವವರೆಗೆ ಅವನು ಕಾರ್ಬರೇಟರ್ ಬಿಚ್ಚಿ ಕೂಡಿಸಿದ, ಸೈಲೆನ್ಸರ್ ಕಳಚಿ ಬಡಿದು ನೋಡಿದ, ಕ್ಲಚ್ಚು ಜಾರುತ್ತದೋ ಪರೀಕ್ಷಿಸಿದ. ಒಳಮನೆಯಿಂದ ಅವನ ಹೆಂಡತಿ ಕುಬ್ರಾ ಬೇಗಂ ಶೇಖಮ್ಮನನ್ನು ಕರೆದು ಖಿಚಡಿ, ಹುಣಸೆಹಣ್ಣಿನ ಸಾರು ಬಡಿಸಿದಳು. "ಮೂರು ದಿನ ಆದ್ರೂ ನಮ್ಮನ್ಯಾಗ ಇರು, ಆದ್ರ ಆ ಜೀಪಿನ ಮಾತು ಮಾತ್ರ ಎತ್ತಬ್ಯಾಡ. ಈಗಾಗ್ಲೇ ಇವರು ಊಟದಾಗೂ ಅದನ್ನೇ ಅಗೀತಾರ" ಎಂದು ನಗಿಸಿದಳು.

ಸಂಜೆಗೆ ಮಿಸ್ತ್ರಿ ಕೈ ಒರೆಸಿಕೊಂಡ. "ಗದ್ದೆಪ್ಪ ಭಾಯ್, ನಿನ್ನ ಜೀಪಿಗೆ ಇಲ್ಲಿ ಏನೂ ಆಗಿಲ್ಲ. ಇಲ್ಲಿ ಅನ್ನೋ ಮಾತು ಕೇಳ್ಕೋ. ನನ್ನ ಗ್ಯಾರೇಜಿನ್ಯಾಗ ಎಲ್ಲಾ ಅದ, ಗುಡ್ಡ ಒಂದಿಲ್ಲ. ಈ ರೋಗ ಗುಡ್ಡದ ಮ್ಯಾಲೆ ಮಾತ್ರ ಮುಖ ತೋರಸ್ತದ."

"ಮತ್ತ ಗುಡ್ಡ ಏರೋ ಮುಂದ ಇಂಜಿನ್ ನೋಡ್ಬೇಕಲ್ರಿ?" ಎಂದಳು ಶೇಖಮ್ಮ.

"ಅದೇ ನಾ ಹೇಳಾಕತ್ತೀನಿ ತಂಗಿ. ಬಾನೆಟ್ ಬಿಚ್ಚಿಟ್ಟು, ಇಂಜಿನ್ ಬಲ್ಲವ ಒಬ್ಬ ಮಡ್‌ಗಾರ್ಡ್ ಮ್ಯಾಲ ಕುಂತು ಕಣ್ಣಿಟ್ಟು ನೋಡ್ಬೇಕು. ಇನ್ನೊಬ್ರು ನಡಸ್ಬೇಕು. ನಾನೇ ಬರ್ತಿದ್ದೆ. ಆದ್ರ ನನ್ನ ತಡಕೊಳ್ಳೋ ಮಡ್‌ಗಾರ್ಡ್ ಇನ್ನೂ ಯಾವ ಕಂಪನಿಯವರೂ ಮಾಡಿಲ್ಲ."

ತಿರುಗಿ ಬರುವಾಗ ಗದ್ದೆಪ್ಪ ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದ. ಜೀಪು ನಡೆಸಬಲ್ಲವರು ಯಾರಿದ್ದಾರೆ? ತನ್ನ ತಮ್ಮ ತಾಯಣ್ಣ ಟ್ರ್ಯಾಕ್ಟರ್ ತೆಗೆದುಕೊಂಡು ಗದ್ದೆ ಕೆಲಸಕ್ಕೆ ಸಿಂಧನೂರ ಕಡೆ ಹೋಗಿದ್ದಾನೆ. ಬಸ್ ಡ್ರೈವರ್‌ಗಳಿಗೆ ಬಿಡುವಿಲ್ಲ. ಉಳಿದವರ ಕೈಗೆ ಕೊಟ್ಟರೆ ಕಣಿವೆಗೆ ಇಳಿಸುತ್ತಾರೆ.

"ನಾ ನಡಸ್ತೀನಿ" ಎಂದಳು ಶೇಖಮ್ಮ.

ಗದ್ದೆಪ್ಪ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ನಿನಗ ಬರಂಗಿಲ್ಲಲ್ಲ."

"ನಿನಗೇನು ಹುಟ್ಟಿದ ಕೂಡ್ಲೇ ಬರ್ತಿತ್ತೇನು?"

ಗದ್ದೆಪ್ಪ ಜೀಪಿನ ವೇಗ ತಗ್ಗಿಸಿದ. "ದೇವದುರ್ಗದಾಗ ಕಲ್ಸಿದ್ರ ಆ ಚಹಾದಂಗಡಿಯವರು ನಮ್ಮನ್ನ ಬಿಡಂಗಿಲ್ಲ. ನಿಮ್ಮೂರಿಗೆ ಹೋಗೋಣು" ಎಂದ. ಶೇಖಮ್ಮ ತಲೆ ಆಚೆ ತಿರುಗಿಸಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಶಕ್ತಿನಗರದಲ್ಲಿ ಬುಟ್ಟಿ ಹೊತ್ತು ಸಾಲಿನಲ್ಲಿ ನಡೆಯುವಾಗ, ಪಕ್ಕದಲ್ಲಿ ಧೂಳೆಬ್ಬಿಸುತ್ತ ಹೋಗುವ ಇದೇ ಜೀಪಿನ ಸ್ಟೇರಿಂಗ್ ಹಿಡಿದರೆ ಹೇಗಿರುತ್ತದೆಂದು ಅವಳು ಎಷ್ಟು ಸಲ ಅಂದುಕೊಂಡಿದ್ದಳೋ. ಗಂಡನಿಗೂ ಹೇಳಿರಲಿಲ್ಲ.

ಅವಳ ತವರು ತುಂಗಭದ್ರೆಯ ದಂಡೆಯ ಚೀಕಲಪರ್ವಿ. ಹೊಳೆ ಬೇಸಿಗೆಗೆ ಸೊರಗಿ ಒಂದು ಮಗ್ಗುಲಿಗೆ ಸರಿದು ಮಲಗಿತ್ತು. ಪೈರು ಕೊಯ್ದ ಹೊಲಗಳು ಚಾಪೆ ಹಾಸಿದಂತಿದ್ದವು. ಶೇಖಮ್ಮನ ತಾಯಿ ಮಾನಮ್ಮ ಬೇವಿನ ಗಿಡದ ಕೆಳಗೆ ಎಲೆಯಡಿಕೆ ಚೀಲ ಬಿಚ್ಚಿಕೊಂಡು ಕೂತಳು. ಅವಳ ಸುತ್ತ ಕೇರಿಯ ಹೆಂಗಸರೆಲ್ಲ ಕೂತರು.

ಮೊದಲ ದಿನ ಜೀಪು ಕಪ್ಪೆಯ ಹಾಗೆ ಕುಪ್ಪಳಿಸಿ ಕುಪ್ಪಳಿಸಿ ನಿಂತಿತು. "ಎಡಗಾಲು ಮೆಲ್ಲಕ ಬಿಡು, ಮೆಲ್ಲಕ. ಮಲಗಿದ ಕೂಸಿನ ಕೆಳಗಿಂದ ಕೈ ತಗೀತೀಯಲ್ಲ, ಹಂಗ" ಎಂದ ಗದ್ದೆಪ್ಪ. ಆ ಮಾತು ಅವಳಿಗೆ ತಕ್ಷಣ ಹಿಡಿಯಿತು. ಸಂಜೆಯಷ್ಟರಲ್ಲಿ ಜೀಪು ನಯವಾಗಿ ಹೊರಟಿತು. ಆಮೇಲೆ ತಿರುಗಿಸುವುದು ಬಂತು, ಹಿಂದಕ್ಕೆ ಬಿಡುವುದು ಬಂತು, ಎದುರಿಗೆ ಎಮ್ಮೆಗಳು ಬಂದಾಗ ಕಣ್ಣು ಮುಚ್ಚದೆ ಬ್ರೇಕು ಒತ್ತುವುದು ಬಂತು. ಹೊಳೆಯ ಇಳಿಜಾರು ದಂಡೆಯಲ್ಲಿ ನಿಲ್ಲಿಸಿ, ಹಿಂದೆ ಜಾರದಂತೆ ಮತ್ತೆ ಎತ್ತುವುದನ್ನು ಗದ್ದೆಪ್ಪ ಬೇಸರವಿಲ್ಲದೆ ಕಲಿಸಿದ. ಆ ದಂಡೆ ಬಹಳ ಗಿಡ್ಡ. ಜೀಪಿನ ರೋಗ ಎಚ್ಚರಾಗುವ ಮೊದಲೇ ಮುಗಿದುಹೋಗುತ್ತಿತ್ತು.

ಕೊನೆಯ ದಿನ ಮಾನಮ್ಮ ಎದ್ದು ಬಂದು, "ನೋಡಿ ನೋಡಿ ಕುತ್ತಿಗಿ ನೋಯಾಕತ್ಯಾದ, ನನ್ನೂ ಕುಂದ್ರಿಸ್ಕೋ" ಎಂದಳು. ಅವಳ ಹಿಂದೆ ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಹತ್ತಿ, ಜೀಪು ತುಂಬಿ, ಗದ್ದೆಪ್ಪನಿಗೆ ಜಾಗವಿಲ್ಲದಾಯಿತು. ಅವನು ಬೇವಿನ ಗಿಡದ ಕೆಳಗೆ ಅತ್ತೆಯ ಎಲೆಯಡಿಕೆ ಚೀಲ ಕಾಯುತ್ತ ಕೂತ. ಹೆಂಡತಿ ಬಯಲಿನಲ್ಲಿ ದೊಡ್ಡ ಸುತ್ತು ಹೊಡೆದು ಬರುವುದನ್ನು, ಹೆಂಗಸರ ನಗು ಇಂಜಿನ್ನಿನ ಸದ್ದನ್ನೂ ಮೀರಿ ಕೇಳುವುದನ್ನು ನೋಡುತ್ತ ಅವನ ಮುಖವೂ ಅಗಲವಾಯಿತು.

ಕೆಂಪುದಿನ್ನಿಗೆ ಬಂದ ದಿನ ಬೆಳಗ್ಗೆ ಬಿಸಿಲು ಇನ್ನೂ ಎಳೆಯದಾಗಿತ್ತು. ಗದ್ದೆಪ್ಪ ಬಾನೆಟ್ ಕಳಚಿ ಬುಡದ ಬಂಡೆಗೆ ಒರಗಿಸಿಟ್ಟು, ಎಡಗಡೆಯ ಮಡ್‌ಗಾರ್ಡ್ ಹತ್ತಿ, ಮುಂದಿನ ದೀಪವನ್ನು ಕಾಲಲ್ಲಿ ಅಪ್ಪಿಕೊಂಡು ಕೂತ. ಭಾರವಿದ್ದಷ್ಟೂ ರೋಗ ಚೆನ್ನಾಗಿ ಕಾಣುತ್ತದೆಂದು, ಕೆಳಗೆ ಬಂದಿದ್ದ ದೊಡ್ಡಿಯ ಗಂಡಸರಿಗೆ ಹಿಂದೆ ಹತ್ತಲು ಹೇಳಿದ. ಅವರು ಸ್ಟೇರಿಂಗ್ ಹಿಡಿದು ಕೂತ ಶೇಖಮ್ಮನನ್ನೂ ಪಕ್ಕದ ಕಣಿವೆಯನ್ನೂ ನೋಡಿ, ಒಬ್ಬರ ಹಿಂದೆ ಒಬ್ಬರು ಸರಿದರು. ಬೂದೆಪ್ಪನೇ ಮೊದಲು ಕಾಲಿಟ್ಟ.

"ಮಳ್ಯಾಗ, ಕತ್ತಲ್ಯಾಗ ನಮ್ಮ ಕುರಿ ಹಿಂಡು ಗುಡ್ಡ ಹತ್ತಿಸೋರು ನಮ್ಮ ಹೆಣ್ಮಕ್ಕಳೇ. ಆಕಿ ಇದೊಂದು ಕುರಿ ಹತ್ತಸ್ಲಾರಳೇನು? ಬರ್ರೋ" ಎಂದ. ಆಮೇಲೆ ಎಲ್ಲರೂ ಹತ್ತಿದರು.

ಶೇಖಮ್ಮ ಅಂಗೈಯನ್ನು ಸೀರೆಗೆ ಒರೆಸಿಕೊಂಡು ಗೇರು ಹಾಕಿದಳು. ಕೂಸಿನ ಕೆಳಗಿಂದ ಕೈ ತೆಗೆಯುವ ಹಾಗೆ ಎಡಗಾಲು ಬಿಟ್ಟಳು. ಜೀಪು ಏರತೊಡಗಿತು. ಕೆಂಪು ಮಣ್ಣು, ಬಂಡೆ, ಜಾಲಿಗಿಡಗಳು ಹಿಂದೆ ಸರಿದವು. ಅರ್ಧ ದಾರಿ ಬಂತು. ಅದೇ ಜಾಗದಲ್ಲಿ ಇಂಜಿನ್ನಿನ ದನಿ ಕುಗ್ಗಿತು.

"ಒತ್ತು" ಎಂದು ಕೂಗಿದ ಗದ್ದೆಪ್ಪ.

"ಒತ್ತೇ ಒತ್ತೀನಿ. ತಳ ಮುಟ್ಯಾದ."

ಗದ್ದೆಪ್ಪ ಇಂಜಿನ್ನಿನ ಮೇಲೆ ಬಗ್ಗಿದ. ಮರುಗಳಿಗೆ ಅವನು ಗಟ್ಟಿಯಾಗಿ ನಗಲು ಶುರುಮಾಡಿದ. ಶೇಖಮ್ಮನಿಗೆ ಗಂಡನ ತಲೆ ಕೆಟ್ಟಿತೆಂದೇ ಅನಿಸಿತು. ಜೀಪು ನಿಂತಿತು. ಅವಳು ಬ್ರೇಕನ್ನು ಇಡೀ ಮೈಭಾರ ಹಾಕಿ ಒತ್ತಿ ಹಿಡಿದಳು. ಹಿಂದಿನವರು ಧುಮುಕಿ ಚಕ್ರಕ್ಕೆ ಕಲ್ಲು ಕೊಟ್ಟರು.

"ಏನಾತು, ಬಾಯಿ ಬಿಟ್ಟು ಹೇಳು" ಎಂದಳು.

"ಇಂಜಿನ್ ಎದ್ದು ನಿಂದ್ರಾಕತ್ಯಾದ ಬೇ," ಎಂದ ಅವನು ಕಣ್ಣೊರೆಸಿಕೊಂಡು. "ನೀರಾಗಿಂದ ಎಮ್ಮಿ ಎದ್ದಂಗ. ನೀ ಒತ್ತಿದಷ್ಟೂ ಅದು ಈ ಕಡಿ ಮ್ಯಾಲಕ್ಕ ಏಳ್ತದ. ಎದ್ದಾಗ ಎಕ್ಸಲೇಟರ್ ಕಂಬಿ ಸಡ್ಲಾಗಿ ಪೆಟ್ರೋಲ್ ದಾರಿ ತಾನೇ ಮುಚ್ಕೊಂತದ. ನೀ ಬಾಗ್ಲಾ ತಗ್ಯಾಕ ನೂಕ್ತಿ, ಅದು ಒಳಗಿಂದ ಅಗಳಿ ಹಾಕ್ಕೊಂತದ."

ಶೇಖಮ್ಮ ಇಳಿದು ಬಂದು ನೋಡಿದಳು. ಈಗ ಇಂಜಿನ್ನು ಏನೂ ಅರಿಯದ ಹಾಗೆ ತನ್ನ ಜಾಗದಲ್ಲಿ ಕೂತಿತ್ತು. ಗದ್ದೆಪ್ಪ ಅದರ ಎಡಮಗ್ಗುಲಿಗೆ ಹಾರೆ ಕೊಟ್ಟು ಮೀಟಿದ. ಇಂಜಿನ್ನು ಮೇಲೆದ್ದಿತು. ಅದು ಕೂರುವ ದಪ್ಪ ರಬ್ಬರು ರೊಟ್ಟಿ ಹರಿದಂತೆ ಎರಡು ಹೋಳಾಗಿತ್ತು. ಹಾರೆ ತೆಗೆದ ಕೂಡಲೇ ಎರಡೂ ಹೋಳು ಒಂದರ ಮೇಲೊಂದು ಕೂತು, ಸೀಳು ಕಣ್ಣಿಗೆ ಕಾಣದಾಯಿತು. ಸಪಾಟಿನಲ್ಲಿ ಇಂಜಿನ್ನಿಗೆ ಅಷ್ಟು ಬಲ ಬೇಕಿರಲಿಲ್ಲ, ಹೀಗಾಗಿ ಏಳುತ್ತಿರಲಿಲ್ಲ. ಗ್ಯಾರೇಜಿನಲ್ಲಿ ನಿಂತಾಗಲಂತೂ ಏಳುವ ಮಾತೇ ಇಲ್ಲ.

"ಹೊಸ ರಬ್ಬರು ರಾಯಚೂರಾಗೇ ಸಿಗೋದು" ಎಂದ ಗದ್ದೆಪ್ಪ.

"ರಬ್ಬರು ಅಂದ್ರ ಎಂಥದು?" ಎಂದು ಬೂದೆಪ್ಪ ತನ್ನ ಬಲಗಾಲಿನ ಚಪ್ಪಲಿ ಕಳಚಿ ಎತ್ತಿ ಹಿಡಿದ. ಲಾರಿ ಟೈರಿನಿಂದ ಹೊಲಿಸಿದ ಚಪ್ಪಲಿ, ಹೆಬ್ಬೆರಳಿನಷ್ಟು ದಪ್ಪ. "ಇದು ನಡೀತದೇನು?"

ಕುರಿ ಕತ್ತರಿಸುವ ಚೂರಿಯಿಂದ ಅದರ ಹಿಮ್ಮಡಿ ಕೊಯ್ದು ಹೋಳುಗಳ ನಡುವೆ ಬಿಗಿಯಾಗಿ ತುರುಕಿದರು. ಆದರೆ ಇಂಜಿನ್ನು ಮೇಲೇಳದಂತೆ ಹಿಡಿದುಕೊಳ್ಳಲು ಏನಾದರೂ ಬೇಕಿತ್ತು. ಹಗ್ಗವಾದರೆ ಬಿಸಿಗೆ ಸುಡುತ್ತದೆ. ಶೇಖಮ್ಮ ಸುತ್ತ ನೋಡಿದಳು. ದಾರಿ ಬದಿಯಲ್ಲಿ ದೊಡ್ಡಿಯ ಕಾವಲು ನಾಯಿ ಕಬ್ಬಿಣದ ಸರಪಳಿ ಎಳೆದುಕೊಂಡು ಇವರನ್ನೇ ನೋಡುತ್ತ ನಿಂತಿತ್ತು.

"ಅದನ್ನ ಬಿಚ್ರಿ, ಇದನ್ನ ಕಟ್ರಿ" ಎಂದಳು.

ನಾಯಿಗೆ ಬಿಡುಗಡೆಯಾಯಿತು. ಇಂಜಿನ್ನನ್ನು ಕೆಳಗಿನ ಕಬ್ಬಿಣದ ಚೌಕಟ್ಟಿಗೆ ಸರಪಳಿಯಿಂದ ಸುತ್ತಿ, ಬೋಲ್ಟು ಬಿಗಿದು ಕಟ್ಟಿಹಾಕಿದರು. ಗದ್ದೆಪ್ಪ ಎರಡು ಸಲ ಜಗ್ಗಿ ನೋಡಿ ಮತ್ತೆ ಮಡ್‌ಗಾರ್ಡ್ ಮೇಲೇ ಕೂತ. ಸರಪಳಿ ಕಾಯಬೇಕಿತ್ತು. ಸ್ಟೇರಿಂಗ್ ಶೇಖಮ್ಮನ ಕೈಯಲ್ಲೇ ಉಳಿಯಿತು.

ಈ ಸಲ ಅವಳು ಕಾಲು ಒತ್ತಿದಾಗ ಜೀಪು ಹಿಂದಿನಿಂದ ಯಾರೋ ಎತ್ತಿ ಕೊಟ್ಟಂತೆ ಮೇಲಕ್ಕೆ ನುಗ್ಗಿತು. ಕೆಳಗಿನಿಂದ ಅವಳ ಅಂಗಾಲಿಗೆ ಅದರ ಬಲ ಬಂದು ಮುಟ್ಟಿತು. ತೂಕಡಿಸುತ್ತಿದ್ದ ಜಾಗ ಯಾವಾಗ ದಾಟಿತೋ ಅವಳಿಗೆ ತಿಳಿಯಲೇ ಇಲ್ಲ. ಗದ್ದೆಪ್ಪ ಒಂದು ಕೈಯಿಂದ ದೀಪ ಹಿಡಿದು, ಇನ್ನೊಂದು ಕೈಯಿಂದ "ಬಾ, ಬಾ" ಎಂದು ಇಂಜಿನ್ನನ್ನೇ ಕರೆಯುತ್ತಿದ್ದ. ಕೊನೆಯ ತಿರುವಿನಲ್ಲಿ ಬರೀ ಆಕಾಶ ಕಂಡಿತು. ಅದನ್ನೂ ದಾಟಿದ ಮೇಲೆ ಗುಡಿಸಲುಗಳು, ಕುರಿಹಟ್ಟಿ, ಹೊಗೆ, ಬಾಯಿ ತೆರೆದು ನಿಂತ ಜನ.

ಮುಂದೆ ಎಣ್ಣೆ ಮೆತ್ತಿಕೊಂಡ ಗಂಡ ಅಲಂಕಾರದ ಗೊಂಬೆಯ ಹಾಗೆ ಕೂತಿದ್ದಾನೆ, ಒಳಗೆ ಹೆಂಡತಿ ಗಾಡಿ ಹೊಡೆಯುತ್ತಿದ್ದಾಳೆ. ಇಂಥದನ್ನು ದೊಡ್ಡಿ ಮಾತ್ರವಲ್ಲ, ಆ ಸೀಮೆಯೇ ನೋಡಿರಲಿಲ್ಲ. ಹೆಂಗಸರ ಗುಂಪಿನಿಂದ ಒಂದು ನಗು ಎದ್ದಿತು, ಹಿಂದೆಯೇ ಹಲಗೆ ಮೊಳಗಿತು. ಬೂದೆಪ್ಪನ ಹೆಂಡತಿ ಬೂದೆಮ್ಮ ಆರತಿ ತಟ್ಟೆ ತಂದು ಮೊದಲು ಜೀಪಿಗೆ, ಆಮೇಲೆ ಶೇಖಮ್ಮನಿಗೆ ಬೆಳಗಿದಳು. ಗದ್ದೆಪ್ಪನ ಮುಂದೆ ಬಂದು, "ಇಂವಗೆಲ್ಲಿ ಕುಂಕುಮ ಹಚ್ಚಲಿ, ಹಣಿ ಕಾಣವಲ್ದು" ಎಂದು ಅವನ ಮೂಗಿನ ತುದಿಗೆ ಹಚ್ಚಿದಳು. ಬೂದೆಪ್ಪ ಒಂದೇ ಚಪ್ಪಲಿ ಮೆಟ್ಟಿಕೊಂಡು, ಮೇಲೆ ಕೆಳಗೆ ಆಗುತ್ತ ಎಲ್ಲರಿಗೂ ನಡೆದ ಸಂಗತಿ ಹೇಳುತ್ತ ತಿರುಗಾಡಿದ. ಸಜ್ಜೆರೊಟ್ಟಿ, ಬೆಣ್ಣೆ, ಹುಚ್ಚೆಳ್ಳಿನ ಚಟ್ನಿ ಬಂದವು. ಶೇಖಮ್ಮ ಎರಡನೆಯ ರೊಟ್ಟಿಗೂ ಕೈ ಚಾಚಿದಳು.

ಯಂಕಮ್ಮನನ್ನು ಮಗ ಎತ್ತಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂರಿಸಿದ. ಗದ್ದೆಪ್ಪ ಕೈಕಾಲು ತೊಳೆದು ಸ್ಟೇರಿಂಗ್ ಕಡೆ ಬಂದಾಗ ಮುದುಕಿ ಕೋಲು ಅಡ್ಡ ಹಿಡಿದಳು.

"ನೀ ಎಲ್ಲಿ ಕುಂತು ಬಂದಿ?"

"ಮಡ್‌ಗಾರ್ಡ್ ಮ್ಯಾಲ, ಯವ್ವಾ."

"ಅಲ್ಲೇ ಚೊಲೋ ಕಾಣ್ತಿ. ಬ್ಯಾಡಾದ್ರ ಹಿಂದ ಕುಂದ್ರು. ಹತ್ತಿಸಿದಾಕಿನೇ ನನ್ನ ಇಳಿಸ್ಲಿ."

ಗದ್ದೆಪ್ಪ ಮುದುಕಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತ. ಶೇಖಮ್ಮ ಮೆಲ್ಲಗೆ ಇಳಿಸಿದಳು. ಬುಡದಲ್ಲಿ ನಿಲ್ಲಿಸಿ ಬಾನೆಟ್ ಹಾಕಿಕೊಂಡು ಮುಂದೆ ಹೊರಟರು. ಮಾನ್ವಿ ಸೀಮೆ ಹತ್ತಿರವಾದಂತೆ ಗಾಳಿ ತಂಪಾಯಿತು. ಕಾಲುವೆ ಕಂಡಿತು, ಅದರಾಚೆ ಕಣ್ಣು ಹರಿಯುವಷ್ಟು ದೂರ ಹಸಿರು ಗದ್ದೆ. ಯಂಕಮ್ಮ ಜೀವಮಾನವೆಲ್ಲ ಕಲ್ಲುಗುಡ್ಡದ ಮೇಲೆ ಒಂದೊಂದು ಗರಿಕೆ ಹುಡುಕಿ ಕುರಿ ಮೇಯಿಸಿದವಳು. "ಇಷ್ಟು ಹಸರು ಯಾರು ಮೇಯ್ತಾರ?" ಎಂದು ಕೇಳಿದಳು. ಗದ್ದೆಪ್ಪ ಅದು ಭತ್ತವೆಂದು ವಿವರಿಸಿದ. ಅವಳು ನಂಬಿದ ಹಾಗೆ ಕಾಣಲಿಲ್ಲ.

ಮಲ್ಲಟದಲ್ಲಿ ದುರುಗಮ್ಮ ಕೂಸನ್ನು ಎದೆಗೊತ್ತಿಕೊಂಡು ಓಡಿ ಬಂದಳು. ಜೀಪಿನಲ್ಲಿ ಕೂತ ತಾಯಿಯನ್ನು ಕಂಡು ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. "ಇಳಿ ಯವ್ವಾ, ಕೈ ಕೊಡು" ಎಂದಳು.

ಯಂಕಮ್ಮ ಮರಿಮಗನನ್ನು ಎತ್ತಿಕೊಂಡು ಮುಖ ನೋಡಿದಳು, ನೆತ್ತಿ ಮೂಸಿದಳು, ಗಲ್ಲ ಹಿಂಡಿದಳು. ಇಳಿಯಲಿಲ್ಲ.

"ಇಂವನಪ್ಪನ ಊರು ನಾ ಇನ್ನೂ ನೋಡಿಲ್ಲ. ನೀನೂ ಹತ್ತು. ಒಂದು ಸುತ್ತು ಹೊಡಿಯೋಣು" ಎಂದು ಶೇಖಮ್ಮನ ಕಡೆ ತಿರುಗಿ, "ಅದೇನೋ ಕೂಗ್ತದಲ್ಲ, ಅದನ್ನೂ ಕೂಗ್ಸು" ಎಂದಳು.

ದುರುಗಮ್ಮ ಹತ್ತಿದಳು. ಶೇಖಮ್ಮ ಹಾರನ್ ಒತ್ತಿದಳು. ಕೂಸು ಬೆಚ್ಚಿ ಕಣ್ಣು ಬಿಟ್ಟಿತು, ಅಳಲಿಲ್ಲ. ಜೀಪು ಮಲ್ಲಟದ ಓಣಿಗಳಲ್ಲಿ ಕೋಳಿಗಳನ್ನು ಚದುರಿಸುತ್ತ, ಬಾಗಿಲು ಬಾಗಿಲಿಗೂ ಜನರನ್ನು ಹೊರಗೆಳೆಯುತ್ತ ಹೊರಟಿತು.